ಪುಸ್ತಕದಲ್ಲಿ ಹೆಸರಿದ್ದವರು

ನಮ್ಮ ಊರಿನಲ್ಲಿ, ಪುಸ್ತಕದಲ್ಲಿ ಹೆಸರು ಬಂದವರಿಗೆ ಸಾವಿಲ್ಲ. ಬರೆದವರು ಅವರನ್ನು ಯಾವ ವಯಸ್ಸಿನಲ್ಲಿ ಬಿಟ್ಟು ಹೋದರೋ ಅದೇ ವಯಸ್ಸಿನಲ್ಲಿ ಉಳಿದುಕೊಂಡಿದ್ದಾರೆ. ನನ್ನ ಮುತ್ತಜ್ಜನೂ ಅದೇ ಪುಸ್ತಕದಲ್ಲಿ ಇದ್ದಾನೆ. ಆದರೆ ಅಲ್ಲಿ 'ಕ್ಷೌರಿಕನು ಬಂದನು, ಕೆಲಸ ಮುಗಿಸಿ ಹೋದನು' ಎಂದಷ್ಟೇ ಇದೆ. ಹೆಸರಿಲ್ಲ. ಹಾಗಾಗಿ ಅವನು ಎಲ್ಲರಂತೆ ಮುದುಕನಾಗಿ, ಕೆಮ್ಮಿ ಕೆಮ್ಮಿ ಸತ್ತ. ಅವನ ಮಗ ಸತ್ತ. ನನ್ನ ಅಪ್ಪ ಬದುಕಿದ್ದಾನೆ, ಆದರೆ ಅವನ ಕೈ ನಡುಗುತ್ತದೆ. ಕತ್ತಿ ಹಿಡಿಯಲು ಆಗದು ಎಂದಾದ ಮೇಲೆ ಶಿಂಗಾಜೋಯಿಸರ ಮನೆಯ ಕ್ಷೌರದ ಕೆಲಸ ನನ್ನ ಪಾಲಿಗೆ ಬಂತು.

ಬರೆದವರು ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದರಂತೆ. ಒಂದು ಬೇಸಿಗೆ ಪೂರ್ತಿ ಶಿಂಗಾಜೋಯಿಸರ ಮನೆಯ ಹೊರಗಿನ ಕೋಣೆಯಲ್ಲಿ ಉಳಿದು, ಕಿಟಕಿಯಿಂದ ಕಂಡದ್ದನ್ನೆಲ್ಲ ಕಾದಂಬರಿ ಮಾಡಿದರು. ಗಂಡ ಸತ್ತ ಇಪ್ಪತ್ತೆರಡರ ಹೆಣ್ಣುಮಗಳು ಕೃಷ್ಣವೇಣಿ. ಅವಳ ಮುಡಿ ತೆಗೆಸಿ, ಕೆಂಪು ಸೀರೆ ಉಡಿಸಿ, ಒಪ್ಪೊತ್ತಿನ ಊಟಕ್ಕೆ ಕೂರಿಸಿದವನು ಅವಳ ಭಾವ ಶಿಂಗಾಜೋಯಿಸ. ಮದುವೆಯಾಗುತ್ತೇನೆಂದು ಹೇಳಿ, ಧೈರ್ಯ ಸಾಲದೆ ರೈಲು ಹತ್ತಿದವನು ಶಾಲೆಯ ಮೇಷ್ಟ್ರು ವಾಸುದೇವ. ಇಷ್ಟೇ ಕಥೆ. ಓದಿದವರೆಲ್ಲ ಅತ್ತರಂತೆ. ವಿಧವೆಯರ ಬಾಳು ಬದಲಾದದ್ದೇ ಆ ಪುಸ್ತಕದಿಂದ ಎಂದು ಈಗಲೂ ಭಾಷಣಗಳಲ್ಲಿ ಹೇಳುತ್ತಾರೆ.

ಊರಿನ ಎಲ್ಲೆ ದಾಟಿ ಹೋದರೆ ಮಾತ್ರ ಅವರಿಗೂ ಎಲ್ಲರಂತೆ ವಯಸ್ಸಾಗುತ್ತದೆ. ವಾಸುದೇವ ಮೇಷ್ಟ್ರು ಯಾವುದೋ ಊರಿನಲ್ಲಿ ಮದುವೆಯಾಗಿ, ಮಕ್ಕಳನ್ನು ಪಡೆದು, ಪಿಂಚಣಿ ತೆಗೆದುಕೊಂಡು ಸತ್ತರೆಂದು ಸುದ್ದಿ ಬಂದಿತ್ತು. ಅಡುಗೆಯ ಪರಮೇಶಿ ಒಮ್ಮೆ ಕಾಶಿಗೆ ಹೋಗಿ ಬಂದ. ಬಂದ ಮೇಲೂ ವಯಸ್ಸಾಗುವುದು ನಿಲ್ಲಲಿಲ್ಲ. ಜೋಯಿಸರ ಹೆಂಡತಿ ಪುಸ್ತಕದೊಳಗೇ ಸತ್ತಿದ್ದರಿಂದ ಅವರ ಪ್ರಶ್ನೆ ಬರಲಿಲ್ಲ. ಕೊನೆಗೆ ಉಳಿದವರು ಇಬ್ಬರು. ಐವತ್ತೈದರ ಶಿಂಗಾಜೋಯಿಸರು, ಇಪ್ಪತ್ತೆರಡರ ಕೃಷ್ಣವೇಣಿ, ಊರವರ ಬಾಯಲ್ಲಿ ವೇಣಮ್ಮ.

ನಾನು ಚಿಕ್ಕವಳಿದ್ದಾಗ ಅಪ್ಪನ ಹಿಂದೆ ಆ ಮನೆಗೆ ಹೋಗಿ ವೇಣಮ್ಮನವರನ್ನು ಅಕ್ಕ ಎಂದು ಕರೆದು ಬೈಸಿಕೊಂಡಿದ್ದೆ. ನನ್ನ ಮದುವೆಯ ಹೊತ್ತಿಗೆ ನಾವಿಬ್ಬರೂ ಒಂದೇ ವಯಸ್ಸಿನವರಾಗಿ ಕಾಣುತ್ತಿದ್ದೆವು. ಈಗ ಅವರು ನನ್ನ ಮಗಳ ಹಾಗೆ ಕಾಣುತ್ತಾರೆ. ನಾನು ಮಾತ್ರ ಈಗಲೂ ಅವರನ್ನು ಅಮ್ಮ ಎನ್ನುತ್ತೇನೆ.

ಅಪ್ಪನ ಕೈ ಬಿದ್ದು ಹೋದಾಗ ಜೋಯಿಸರು ನನ್ನನ್ನು ಕರೆಸಿದರು. ಆಗ ನಾನು ಬಸ್ ನಿಲ್ದಾಣದ ಬಳಿ ಬ್ಯೂಟಿ ಪಾರ್ಲರ್ ಇಟ್ಟಿದ್ದೆ. ಅಂಗಡಿಯ ಮಳಿಗೆ ಪುಸ್ತಕ ಸಮಿತಿಯದು. ಸಮಿತಿಯ ಅಧ್ಯಕ್ಷರು ಜೋಯಿಸರೇ. ಹೌದು, ಪುಸ್ತಕದಲ್ಲಿ ಓದುಗರೆಲ್ಲ ಶಪಿಸಿದ ಅದೇ ಜೋಯಿಸರು. ಅವರಷ್ಟು ಚೆನ್ನಾಗಿ ಆ ಪುಸ್ತಕದ ಮೇಲೆ ಮಾತನಾಡುವವರು ಬೇರೆ ಯಾರೂ ಇರಲಿಲ್ಲ.

"ನೋಡಮ್ಮ ಸುಗುಣ, ಇಷ್ಟು ದಿನ ಗಂಡಸು ಬಂದು ಮಾಡ್ತಿದ್ದ. ನನಗೇ ಮುಜುಗರ ಆಗ್ತಿತ್ತು" ಎಂದರು. "ಹೆಂಗಸಿನ ಕೆಲಸ ಹೆಂಗಸೇ ಮಾಡಬೇಕು. ಕಾಲ ಬದಲಾಗಿದೆ, ನಾವೂ ಬದಲಾಗಬೇಕಲ್ಲ?"

ನನಗೆ ಹೇಸಿಗೆಯಾಯಿತು. ಆದರೆ ನಾನು ಒಲ್ಲೆ ಎಂದರೆ ಬಸ್ ನಿಲ್ದಾಣದ ಸಲೂನಿನಿಂದ ಯಾರನ್ನೋ ಕರೆಸುತ್ತಾರೆ ಎಂದು ಅಪ್ಪ ಹೇಳಿದ. ಆ ತಾಯಿಗೆ ನಮ್ಮ ಮನೆಯವರ ಕೈ ಅಭ್ಯಾಸ ಕಣವ್ವ ಎಂದ. ಹೋದೆ.

ಬೆಳಗ್ಗೆ ಮದುಮಗಳಿಗೆ ಜಡೆ ಹೆಣೆದು, ಮಲ್ಲಿಗೆ ಮುಡಿಸಿ, ಅದೇ ಕೈಯಲ್ಲಿ ಮಧ್ಯಾಹ್ನ ಜೋಯಿಸರ ಹಿತ್ತಲಿಗೆ ಹೋಗುತ್ತಿದ್ದೆ. ಹಿತ್ತಲಿನ ಬಾವಿಕಟ್ಟೆಯ ಹತ್ತಿರ ಒಂದು ಕಲ್ಲು ಇದೆ. ವೇಣಮ್ಮನವರು ಅದರ ಮೇಲೆ ಕೂರುತ್ತಿದ್ದರು. ವಯಸ್ಸು ನಿಂತರೂ ಕೂದಲು ನಿಂತಿರಲಿಲ್ಲ. ಹದಿನೈದು ದಿನಕ್ಕೆ ದಟ್ಟವಾಗಿ, ಕರ್ರಗೆ ಚಿಗುರುತ್ತಿತ್ತು. ಮೊದಲ ಸಲ ನೀರು ಹಚ್ಚುವಾಗ ನನ್ನ ಬೆರಳೇ ಏಳಲಿಲ್ಲ.

"ಯಾಕೆ ಹೆದರ್ತೀಯೆ? ನಿಮ್ಮಪ್ಪನೂ ಮೊದಲನೇ ದಿನ ಹೀಗೇ ನಿಂತಿದ್ದ. ಅವರಪ್ಪನೂ" ಎಂದರು ವೇಣಮ್ಮ. "ಬೇಗ ಮುಗಿಸು. ಬಿಸಿಲಿಗೆ ಕಲ್ಲು ಸುಡತ್ತೆ."

ಅವರು ಸುಮ್ಮನಿರುವ ಹೆಂಗಸೇ ಅಲ್ಲ. ಪುಸ್ತಕದಲ್ಲಿ ಅವರು ಮಾತನಾಡುವುದು ತೀರ ಕಡಿಮೆ. ಎಲ್ಲ ಕಡೆ ಕಣ್ಣೀರು ಹಾಕುತ್ತಾರೆ, ನಿಟ್ಟುಸಿರು ಬಿಡುತ್ತಾರೆ. ನಾನು ಅದನ್ನೇ ಒಂದು ದಿನ ಕೇಳಿದೆ.

"ನೀವು ಓದಿದೀರಾ ಅಮ್ಮ, ಪುಸ್ತಕ?"

"ಓದದೇ ಇರಕ್ಕಾಗತ್ತಾ? ಬಂದವರೆಲ್ಲ ಒಂದೊಂದು ಕೊಟ್ಟು ಹೋಗ್ತಾರೆ."

"ನಿಮ್ಮ ಮುಡಿ ತೆಗೆಸಿದ ದಿವಸ ಕಂಬ ಹಿಡಕೊಂಡು ಅತ್ತಿರಿ ಅಂತ ಐತಲ್ಲ?"

"ನಾನು ಅಳಲಿಲ್ಲ ಕಣೆ. ನಿಮ್ಮ ಮುತ್ತಜ್ಜನ ಕೈ ಕಚ್ಚಿದೆ. ರಕ್ತ ಬಂತು. ಪಾಪ, ಅವನೇ ಅತ್ತ." ಅವರು ತಲೆ ಬಗ್ಗಿಸಿಕೊಂಡೇ ನಕ್ಕರು. "ಇನ್‌ಸ್ಪೆಕ್ಟರು ಒಳ್ಳೇವರೇ. ಕಿಟಕೀಲಿ ನಿಂತು ನೋಡಿ ಕಣ್ಣು ಒರೆಸಿಕೊಂಡರು. ಆದರೆ ಇಡೀ ಬೇಸಿಗೇಲಿ ಒಂದು ಸಲ ಆದರೂ ನನ್ನ ಹತ್ತಿರ ಬಂದು ಏನಮ್ಮ ಅಂತ ಕೇಳಲಿಲ್ಲ. ಅವರಿಗೆ ಬೇಕಾಗಿದ್ದು ಅಳೋವಳು. ಬರೆದುಕೊಂಡರು."

ನನ್ನ ಮುತ್ತಜ್ಜ ಅತ್ತಿದ್ದ ಎಂಬುದು ನನಗೆ ಗೊತ್ತಾದದ್ದು ಹಾಗೆ. ಅವನ ಹೆಸರು ಮುದ್ದಯ್ಯ ಎಂದೂ ಅವರೇ ಹೇಳಿದರು. ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ವಾರಕ್ಕೆ ಎರಡು ಮೂರು ಬಸ್ಸು ಬರುತ್ತಿದ್ದವು. ಕಾಲೇಜು ಹುಡುಗ ಹುಡುಗಿಯರು, ಅವರ ಮೇಷ್ಟ್ರುಗಳು. ಪುಸ್ತಕ ಪಠ್ಯವಾಗಿತ್ತು. ಊರಿನ ಹೋಟೆಲುಗಳು, ಲಾಡ್ಜು, ಬಾಳೆಹಣ್ಣಿನ ಗಾಡಿಗಳು, ಎಲ್ಲ ಅವರನ್ನು ನಂಬಿಕೊಂಡೇ ಇದ್ದವು. ನನ್ನ ಪಾರ್ಲರ್ ಕೂಡ. ವೇಣಮ್ಮನವರು ಜಗಲಿಯ ಮೇಲೆ, ಪುಸ್ತಕದ ಮುಖಪುಟದ ಚಿತ್ರದಲ್ಲಿ ಇರುವಂತೆ, ಕಂಬದ ಪಕ್ಕ ಕೂರಬೇಕು. ಜೋಯಿಸರು ಬೆತ್ತದ ಕುರ್ಚಿಯಲ್ಲಿ ಕೂತು ಶಾಲು ಸರಿಮಾಡಿಕೊಂಡು ಹೇಳುತ್ತಿದ್ದರು:

"ಮಕ್ಕಳೇ, ಆ ಕಾಲ ಹಾಗಿತ್ತು. ನಾವೂ ಹಾಗಿದ್ದೆವು. ನಾನು ಮಾಡಿದ್ದು ತಪ್ಪು. ಒಪ್ಪಿಕೊಳ್ಳೋದಕ್ಕೆ ನನಗೆ ನಾಚಿಕೆ ಇಲ್ಲ. ಒಂದು ದೊಡ್ಡ ಕೃತಿ ಸಮಾಜಕ್ಕೆ ಕನ್ನಡಿ ಹಿಡಿಯುತ್ತೆ. ಆ ಕನ್ನಡೀಲಿ ನನ್ನ ಮುಖ ಕಂಡು ನಾನೇ ಬೆಚ್ಚಿಬಿದ್ದೆ."

ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಕೆಲವು ಹುಡುಗಿಯರು ಬಂದು ಅವರ ಕಾಲು ಮುಟ್ಟುತ್ತಿದ್ದರು. ಎಲ್ಲರೂ ಹೊರಟು ಹೋದ ಮೇಲೆ ಜೋಯಿಸರು ಒಳಗೆ ತಿರುಗಿ, "ವೇಣೀ, ನಾಳೆ ಏಕಾದಶಿ. ನೀರೂ ಇಲ್ಲ, ನೆನಪಿರಲಿ" ಎನ್ನುತ್ತಿದ್ದರು.

ಯಾರೂ ಕೇಳಲಿಲ್ಲವೇ ಎಂದರೆ, ಕೇಳಿದರು. ಒಮ್ಮೆ ರಾಜಧಾನಿಯಿಂದ ಮಹಿಳಾ ಸಂಘದವರು ಬಂದಿದ್ದರು. ಜೋಯಿಸರು ಬಾಗಿಲು ಪೂರ್ತಿ ತೆರೆದು, "ಕಟ್ಟಿಹಾಕಿದ್ದೇವೆಯೇ? ಬೀಗ ಇದೆಯೇ? ಅವಳಿಗೆ ಇಷ್ಟವಿದ್ದರೆ ಈಗಲೇ ಹೋಗಲಿ" ಎಂದರು. ಸಂಘದವರು ವೇಣಮ್ಮನ ಮುಖ ನೋಡಿದರು. ವೇಣಮ್ಮ ಬೀದಿ ನೋಡಿದರು. ಸಂಘದವರು ಒಂದು ಸೀರೆ ಉಡುಗೊರೆ ಕೊಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಹೋದರು.

ಆ ದಿನ ನಾನು ಕೇಳಿದೆ. "ಯಾಕಮ್ಮ ಸುಮ್ಕಿದ್ರಿ? ಹೋಗಬೋದಿತ್ತಲ್ಲ?"

"ಎಲ್ಲಿಗೆ? ಈ ತಲೆ ಹೊತ್ತುಕೊಂಡಾ?" ಎಂದರು. "ನನ್ನ ಚಿತ್ರ ಇಲ್ಲದೇ ಇರೋ ಶಾಲೆ ಇದೆಯೇನೆ ಈ ನಾಡಲ್ಲಿ? ಯಾವ ಊರಲ್ಲಿ ಇಳಿದರೂ ಅಯ್ಯೋ ವೇಣಮ್ಮ ಅಂತ ಹಿಡಕೊಂಡು ಬಂದು ಮತ್ತೆ ಈ ಜಗಲಿ ಮೇಲೇ ಕೂರಿಸ್ತಾರೆ." ಆಮೇಲೆ, "ಹೋದರೆ ಸಾಯ್ತೀನಿ ಅನ್ನೋ ಭಯವೂ ಇತ್ತು. ಮೊದಲು. ಈಗಿಲ್ಲ" ಎಂದರು.

ಅದಾದ ಮೇಲೆ ಬಂದ ಸರದಿಯಲ್ಲೇ ಅವರು ನನ್ನ ಮಣಿಕಟ್ಟು ಹಿಡಿದರು. ನಾನು ಆಗತಾನೇ ನೀರು ಹಚ್ಚಿ ಕತ್ತಿ ತೆರೆದಿದ್ದೆ.

"ಸುಗುಣ, ಇವತ್ತು ಬೇಡ."

"ಮೈಗೆ ಹುಷಾರಿಲ್ವಾ ಅಮ್ಮ?"

"ಇವತ್ತೂ ಬೇಡ, ಇನ್ನು ಮೇಲೂ ಬೇಡ. ನೀನು ಬಾ, ಕೂತುಕೋ, ನೀರು ಚೆಲ್ಲು, ಹೋಗು. ಸೆರಗು ಹೊದ್ದುಕೊಂಡಿರ್ತೀನಿ. ಭಾವ ನನ್ನ ಮುಖ ನೋಡೋದು ಮಡಿಗೆ ಆಗಲ್ಲ ಅಂತ ಹೇಗೂ ನೋಡಲ್ಲ. ಕಿವಿ ಮುಚ್ಚೋಷ್ಟು ಬೆಳೀಲಿ. ಆಮೇಲೆ ನನ್ನ ಯಾರು ಗುರುತು ಹಿಡೀತಾರೆ?"

ನನಗೆ ಅರ್ಥವಾಯಿತು. ಕತ್ತಿ ಮಡಚಿದೆ. ನೀರು ಚೆಲ್ಲಿ, ಕಲ್ಲು ತೊಳೆದು, ಏನೂ ಆಗದವಳಂತೆ ಜೋಯಿಸರ ಮುಂದೆ ಹಾದು ಬಂದೆ. ಅಪ್ಪನಿಗೆ ಹೇಳಿದೆ. ಅವನು ಎಷ್ಟೋ ಹೊತ್ತು ತನ್ನ ನಡುಗುವ ಕೈಗಳನ್ನು ನೋಡುತ್ತ ಕೂತಿದ್ದ. ಆಮೇಲೆ, "ನಂಗ್ಯಾಕೆ ಹಂಗೆ ಹೇಳಲಿಲ್ಲ ಆ ತಾಯಿ?" ಎಂದು ಕೇಳಿದ. ಅವನಿಗೆ ಹೇಳಿದ್ದರೆ ಅವನು ಒಪ್ಪುತ್ತಿದ್ದನೋ ಇಲ್ಲವೋ, ಅವನಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ.

ಬೇಸಿಗೆ ಕಳೆಯಿತು. ಕೂದಲು ಬೆಳೆಯಿತು. ಪ್ರತಿ ಸಲ ಹೋದಾಗಲೂ ವೇಣಮ್ಮನವರು ಸೆರಗು ಸರಿಸಿ ತೋರಿಸುತ್ತಿದ್ದರು. ನಾನು ಪಾರ್ಲರಿನಿಂದ ಒಳ್ಳೆಯ ಎಣ್ಣೆ ತಂದು ಹಚ್ಚುತ್ತಿದ್ದೆ. "ಬೈತಲೆ ತೆಗೆಯೋಷ್ಟು ಆಗಿದೆಯೇನೆ?" ಎಂದು ಕೇಳುವರು. ಇನ್ನೂ ಸ್ವಲ್ಪ ದಿನ ಎನ್ನುತ್ತಿದ್ದೆ. ಬಾವಿಯೊಳಗೆ ಬಗ್ಗಿ ನೀರಿನಲ್ಲಿ ನೋಡಿಕೊಳ್ಳುವರು. ಆ ಮನೆಯಲ್ಲಿ ಅವರಿಗೆ ಕನ್ನಡಿ ಇರಲಿಲ್ಲ. ನನ್ನ ಅಂಗಡಿಯಲ್ಲಿದ್ದ ಕೈಗನ್ನಡಿಯೊಂದನ್ನು ತಂದುಕೊಟ್ಟೆ. ಹಿತ್ತಲ ಸೌದೆಯ ರಾಶಿಯಲ್ಲಿ ಬಚ್ಚಿಟ್ಟರು.

ಇನ್ನು ಸ್ವಲ್ಪ ದಿನ ಸಿಕ್ಕಿದ್ದರೆ ಯಾರಿಗೂ ತಿಳಿಯದೆ ಹೋಗಿಬಿಡುತ್ತಿದ್ದರು. ಅಷ್ಟರಲ್ಲಿ ವಿಚಾರ ಸಂಕಿರಣ ಬಂತು.

ಪುಸ್ತಕದ ಯಾವುದೋ ದೊಡ್ಡ ಹುಟ್ಟುಹಬ್ಬ. ಜೋಯಿಸರ ಮನೆಯ ಮುಂದೆ ಶಾಮಿಯಾನ ಹಾಕಿದರು. ನಾಡಿನ ನಾನಾ ಕಡೆಯಿಂದ ವಿದ್ವಾಂಸರು, ನಾಲ್ಕೈದು ಬಸ್ಸಿನಷ್ಟು ವಿದ್ಯಾರ್ಥಿಗಳು. 'ಕೃತಿ ಮತ್ತು ಕಾಲ: ಅಂದಿನ ಸಾಮಾಜಿಕ ಸಮಸ್ಯೆಗಳು' ಎಂದು ಬ್ಯಾನರ್. ಮುಖ್ಯ ಅತಿಥಿಯಾಗಿ ಬಂದವರು ಪ್ರೊಫೆಸರ್ ಮೃಣಾಲಿನಿ. ವೇಣಮ್ಮನವರ ಮೇಲೆಯೇ ದೊಡ್ಡ ಗ್ರಂಥ ಬರೆದವರು. ಮಾತು ಮೆದು, ಮುಖದಲ್ಲಿ ನಿಜವಾದ ಕರುಣೆ ಇತ್ತು. ಇದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ವೇದಿಕೆಗೆ ಬಂದವರೇ ಮೊದಲು ವೇಣಮ್ಮನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು.

ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಜೋಯಿಸರು ತಮ್ಮ ಭಾಷಣ ಮುಗಿಸಿದರು. ಮೃಣಾಲಿನಿಯವರು ಒಂದು ಗಂಟೆ ಮಾತಾಡಿದರು. ಪ್ರತಿ ಅಧ್ಯಾಯವನ್ನೂ ಬಿಡಿಸಿ, ಆ ಕಾಲದ ಹೆಣ್ಣಿನ ಆಸ್ತಿಯ ಹಕ್ಕು, ಶಿಕ್ಷಣ, ಮನೆಯೊಳಗಿನ ಸೆರೆ, ಎಲ್ಲವನ್ನೂ ಹೇಳಿದರು. ಚೆನ್ನಾಗಿಯೇ ಹೇಳಿದರು. ಕೆಲವರು ಅತ್ತರು. ಕೊನೆಗೆ ಅವರು ವೇಣಮ್ಮನವರ ಕುರ್ಚಿಯ ಹಿಂದೆ ಹೋಗಿ ನಿಂತು, ಹೆಗಲ ಮೇಲೆ ಕೈಯಿಟ್ಟು, "ಆ ಕಾಲದ ಸಮಾಜ ಹೆಣ್ಣಿಗೆ ಏನು ಮಾಡಿತು ಎಂಬುದಕ್ಕೆ ಬೇರೆ ಆಧಾರ ಬೇಕಿಲ್ಲ. ಈ ಬೋಳಾದ ತಲೆಯೇ ಸಾಕು" ಎಂದು ಪ್ರೀತಿಯಿಂದ ಸೆರಗನ್ನು ಹಿಂದಕ್ಕೆ ಸರಿಸಿದರು.

ಕೂದಲು ಕಿವಿಯ ಮೇಲಕ್ಕೆ ಇಳಿಯಿತು. ಎಣ್ಣೆ ಹಾಕಿ, ನಾನೇ ಹಿಂದಿನ ದಿನ ಬಾಚಿದ್ದೆ. ಮಿರಮಿರ ಮಿಂಚುತ್ತಿತ್ತು.

ಶಾಮಿಯಾನದಲ್ಲಿ ಯಾರೋ ಹುಡುಗ ಕಿಸಕ್ಕನೆ ನಕ್ಕ. ಫೋಟೋದವನು ಕ್ಯಾಮೆರಾ ಕೆಳಗಿಳಿಸಿ ಜೋಯಿಸರ ಕಡೆ ನೋಡಿದ.

"ಏನಿದು?" ಎಂದರು ಜೋಯಿಸರು.

"ಕೂದಲು" ಎಂದರು ವೇಣಮ್ಮ.

ಮೃಣಾಲಿನಿಯವರು ಕೈ ಹಿಂದಕ್ಕೆ ತೆಗೆದುಕೊಂಡಿದ್ದರು. ಬಗ್ಗಿ, ಮೈಕಿಗೆ ಕೇಳಿಸದಂತೆ ಮಾತಾಡಿದರು, ಆದರೆ ಮೈಕಿಗೆ ಕೇಳಿಸಿತು.

"ವೇಣಮ್ಮ, ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ. ನಿಜವಾಗಿಯೂ. ಆದರೆ ಈ ಮಕ್ಕಳು ಎಷ್ಟು ದೂರದಿಂದ ಬಂದಿದ್ದಾರೆ ನೋಡಿ. ಆ ಕ್ರೌರ್ಯವನ್ನು ಅವರು ಕಣ್ಣಾರೆ ಕಾಣದಿದ್ದರೆ, ಆ ಕಾಲ ಎಷ್ಟು ಕೆಟ್ಟದ್ದಾಗಿತ್ತು ಎಂದು ಅವರಿಗೆ ಹೇಗೆ ತಿಳಿಯಬೇಕು?"

"ಆ ಕಾಲ ಯಾವುದಮ್ಮ?" ಎಂದರು ವೇಣಮ್ಮ. "ಚಳಿಗಾಲ ಕಳೆಯೋವರೆಗೂ ಹದಿನೈದು ದಿನಕ್ಕೊಂದು ಸಲ ನನ್ನ ತಲೆ ಬೋಳಿಸ್ತಿದ್ದರು. ನೀನು ಹೋದ ವರ್ಷ ಬಂದಾಗ ಹಿಂದಿನ ದಿನ ತಾನೇ ಬೋಳಿಸಿದ್ದರು. ನಯವಾಗಿದೆ ಅಂತ ಮುಟ್ಟಿ ನೋಡಿದೆಯಲ್ಲ, ಅದು ಯಾವ ಕಾಲ?"

ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ, ಬಹಳ ಶ್ರದ್ಧೆಯವಳು, ಪೆನ್ನು ಹಿಡಿದುಕೊಂಡು ಎದ್ದು ನಿಂತಳು. "ಮೇಡಮ್, ಈ ಸಂಭಾಷಣೆ ಎಷ್ಟನೇ ಪುಟದಲ್ಲಿ ಬರುತ್ತೆ?"

"ಇದು ಪುಸ್ತಕದಲ್ಲಿಲ್ಲ" ಎಂದು ಜೋಯಿಸರು ಮೈಕು ಎಳೆದುಕೊಂಡರು. "ಯಾರೂ ಬರೆದುಕೊಳ್ಳಬೇಡಿ. ಊಟದ ವಿರಾಮ. ಸಮಾರೋಪಕ್ಕೆ ಎಲ್ಲರೂ ಇಲ್ಲೇ ಸೇರೋಣ, ಸಮೂಹ ಚಿತ್ರ ಇದೆ."

ಹುಡುಗಿ ಬರೆದದ್ದನ್ನು ಹೊಡೆದು ಹಾಕಿದಳು. ನಾನು ನೋಡುತ್ತಿದ್ದೆ.

ಎಲ್ಲರೂ ಊಟದ ಕಡೆ ಎದ್ದಾಗ ಜೋಯಿಸರು ನೇರವಾಗಿ ನನ್ನ ಹತ್ತಿರ ಬಂದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಇಷ್ಟು ಹತ್ತಿರ ನಿಂತಿರಲಿಲ್ಲ.

"ಇನ್ನು ಅರ್ಧ ಗಂಟೇಲಿ ಮುಗಿಸು."

"ನನ್ನ ಕೈಲಾಗಲ್ಲ ಸ್ವಾಮಿ."

"ನಿನ್ನ ಅಂಗಡಿ ಮಳಿಗೆ ಯಾರದು ಅಂತ ಗೊತ್ತಿದೆಯಲ್ಲ?"

"ಗೊತ್ತು."

"ನಿಮ್ಮಪ್ಪ, ನಿಮ್ಮಜ್ಜ ಒಂದು ದಿನ ಒಲ್ಲೆ ಅನ್ನಲಿಲ್ಲ."

"ಅವರಿಗೆ ಯಾರೂ ಮಾತು ಕಲಿಸಿರಲಿಲ್ಲ. ನಂಗೆ ವೇಣಮ್ನೋರು ಕಲಿಸವ್ರೆ."

ಜೋಯಿಸರು ಕೋಪ ಮಾಡಿಕೊಳ್ಳಲಿಲ್ಲ. ಯಾರಿಗೋ ಬಸ್ ನಿಲ್ದಾಣದ ಸಲೂನಿನವನನ್ನು ಮಷಿನ್ ಸಮೇತ ಕರೆತರಲು ಹೇಳಿದರು. ಮೃಣಾಲಿನಿಯವರು ಅಲ್ಲೇ ಪಕ್ಕದಲ್ಲಿದ್ದರು. ಅವರ ಮುಖ ನೋಡಿದೆ. ಏನಾದರೂ ಹೇಳುತ್ತಾರೆ ಎಂದುಕೊಂಡೆ. ಅವರು ಕಣ್ಣು ಒರೆಸಿಕೊಂಡರು. "ನೋವಾಗದ ಹಾಗೆ ಮಾಡಿಸಿ" ಎಂದರು. ಆಮೇಲೆ ಊಟಕ್ಕೆ ಹೋದರು.

ನಾನು ಹಿತ್ತಲಿಗೆ ಓಡಿದೆ. ವೇಣಮ್ಮನವರು ಕಲ್ಲಿನ ಹತ್ತಿರ ನಿಂತಿದ್ದರು, ಕೂತಿರಲಿಲ್ಲ.

"ಈಗಲೇ ಹೊರಡಿ ಅಮ್ಮ. ಸಲೂನಿನವನ್ನ ಕರೆಸ್ತಾವ್ರೆ."

"ಈ ಕೆಂಪು ಸೀರೇಲಾ?"

ಹಿತ್ತಲ ಬಾಗಿಲಿನಿಂದ ಹೊರಟು, ಸೌದೆ ಮಂಡಿಯ ಸಂದಿಯಲ್ಲಿ ನುಗ್ಗಿ ನನ್ನ ಪಾರ್ಲರಿಗೆ ಬಂದೆವು. ಮದುವೆ ಮನೆಗಳಿಗೆ ಹೋಗುವಾಗ ಉಡುತ್ತಿದ್ದ ನನ್ನ ಹೂವಿನ ಸೀರೆ ಅಲ್ಲೇ ಇತ್ತು. ಉಡಿಸಿದೆ. ನೆರಿಗೆ ಹಿಡಿಯುವುದು ಅವರಿಗೆ ಮರೆತು ಹೋಗಿತ್ತು. ಬೈತಲೆ ತೆಗೆದು ಬಾಚಿದೆ. ಗೋಡೆಯ ದೊಡ್ಡ ಕನ್ನಡಿಯಲ್ಲಿ ಅವರು ತಮ್ಮನ್ನು ಪೂರ್ತಿಯಾಗಿ ಕಂಡರು. ನನ್ನ ಡಬ್ಬಿಯಿಂದ ಒಂದು ಬಿಂದಿ ತೆಗೆದುಕೊಂಡು, ಹಣೆಯ ಹತ್ತಿರ ಹಿಡಿದು, ಮತ್ತೆ ಡಬ್ಬಿಯಲ್ಲೇ ಇಟ್ಟರು.

"ಇಟ್ಕೊಳಿ ಅಮ್ಮ."

"ಇನ್ನೊಂದು ದಿನ" ಎಂದರು.

ಬಸ್ಸಿನಲ್ಲಿ ನಾನೂ ಹತ್ತಿದೆ. ಕಂಡಕ್ಟರ್ ಅವರ ಮುಖ ನೋಡಿದ, ಗುರುತು ಹಿಡಿಯಲಿಲ್ಲ. ಬಸ್ಸು ಶಾಮಿಯಾನದ ಪಕ್ಕದಲ್ಲೇ ಹಾದುಹೋಯಿತು. ಹುಡುಗ ಹುಡುಗಿಯರು ಎಲೆ ಮುಂದೆ ಕೂತಿದ್ದರು. ಊರಾಚೆ ಒಣಗಿದ ಹೊಳೆಯ ಸೇತುವೆ ಇದೆ, ಅದೇ ಎಲ್ಲೆ. ಸೇತುವೆ ಬಂದಾಗ ವೇಣಮ್ಮ ಕಣ್ಣು ಮುಚ್ಚಿ, ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿದರು. ದಾಟಿದೆವು. ಅವರು ಒಂದೊಂದೇ ಕಣ್ಣು ತೆರೆದು ತಮ್ಮ ಅಂಗೈ, ಮುಂಗೈ ತಿರುಗಿಸಿ ನೋಡಿಕೊಂಡರು.

"ಏನೂ ಆಗಲಿಲ್ಲವಲ್ಲೇ?"

"ನಿಧಾನಕ್ಕೆ ಆಗ್ತದೆ ಅಮ್ಮ. ನಮಗೂ ಹಂಗೇ."

ದೂರದ ಪಟ್ಟಣದಲ್ಲಿ ನನ್ನ ಚಿಕ್ಕಮ್ಮನ ಮಗಳು ಒಂದು ಲೇಡೀಸ್ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ಅವಳ ಜೊತೆ ಬಿಟ್ಟು, ಮಾರನೆಯ ದಿನ ನಾನು ಊರಿಗೆ ಮರಳಿದೆ. ಅಷ್ಟರಲ್ಲಿ ಪಾರ್ಲರಿಗೆ ಬೇರೆ ಬೀಗ ಬಿದ್ದಿತ್ತು. ನನ್ನ ಕುರ್ಚಿ, ಕನ್ನಡಿ, ಬಾಚಣಿಗೆಗಳೆಲ್ಲ ಹೊರಗೆ ಬಿಸಿಲಲ್ಲಿ ಇದ್ದವು. ಅಪ್ಪ ಒಂದು ತಳ್ಳುಗಾಡಿ ಮಾಡಿಕೊಂಡು ಬಂದು, ನಡುಗುವ ಕೈಯಲ್ಲೇ ಕನ್ನಡಿ ಒರೆಸುತ್ತಿದ್ದ. ಆವತ್ತಿನಿಂದ ನಮ್ಮ ಕೇರಿಯ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮೊದಲಿನಷ್ಟು ಜನ ಬರುವುದಿಲ್ಲ. ಮದುಮಕ್ಕಳಂತೂ ಬರುವುದೇ ಇಲ್ಲ. ವಿಧವೆಗೆ ಮುಡಿ ಬೆಳೆಸಿದ ಕೈ ಎಂದು ಮಾತಾಡಿಕೊಂಡರಂತೆ. ತಮ್ಮ ಮಕ್ಕಳಿಗೆ ಆ ಪುಸ್ತಕವನ್ನು ಬಾಯಿಪಾಠ ಮಾಡಿಸುವ ತಾಯಂದಿರೇ ಆಡಿದ ಮಾತು ಅದು.

ಕೆಲವು ತಿಂಗಳ ಮೇಲೆ ವೇಣಮ್ಮನವರನ್ನು ನೋಡಲು ಹೋದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತ ಕೂತಿದ್ದರು. ಕೂದಲು ಹೆಗಲು ಮುಟ್ಟಿತ್ತು. ನನ್ನನ್ನು ಕಂಡು ಓಡಿಬಂದು, ಮಾತಿಗೆ ಮೊದಲೇ ತಲೆ ಬಗ್ಗಿಸಿದರು.

"ನೋಡೇ, ಇಲ್ಲಿ, ಇಲ್ಲಿ. ಕಿವಿ ಹಿಂದೆ. ಸಿಕ್ಕಿತಾ?"

ಒಂದು ಬಿಳಿ ಕೂದಲು. ನಾನು ಅದನ್ನು ಬೇರೆ ಮಾಡಿ ಹಿಡಿದು ತೋರಿಸಿದೆ. ಅವರು ಮಗುವಿನ ಹಾಗೆ ನಕ್ಕರು. ಅವರು ಅಷ್ಟು ಸಂತೋಷಪಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಹಣೆಯ ಮೇಲೆ ಬಿಂದಿ ಇರಲಿಲ್ಲ. ಕೇಳಿದೆ.

"ಕೆಲಸಕ್ಕೆ ಸೇರಿಸಿಕೊಳ್ಳೋವಾಗ ವಾರ್ಡನ್ನು ಗಂಡ ಏನು ಮಾಡ್ತಾನೆ ಅಂತ ಕೇಳಿದಳು. ತೀರಿಕೊಂಡರು ಅಂದುಬಿಟ್ಟೆ. ಸುಳ್ಳು ಹೇಳೋದು ಬಾಯಿಗೆ ಬರಲಿಲ್ಲ." ಬೀನ್ಸಿನ ನಾರು ಕೀಳುತ್ತ ಮುಂದುವರಿಸಿದರು. "ಹೋದ ಶುಕ್ರವಾರ ಹುಡುಗೀರೆಲ್ಲ ಲಕ್ಷ್ಮೀ ಪೂಜೆ ಇಟ್ಟುಕೊಂಡಿದ್ದರು. ವಾರ್ಡನ್ನು ಬಂದು, ತಪ್ಪು ತಿಳ್ಕೋಬೇಡಿ, ಮುಂದುಗಡೆ ಬರಬೇಡಿ, ಮಕ್ಕಳು ಮದುವೆ ಆಗಬೇಕಾದವರು ಅಂದಳು. ಓದಿದೋಳು ಕಣೆ. ಎಂ.ಎ. ಮಾಡಿದಾಳಂತೆ."

"ನೀವೇನಂದ್ರಿ?"

"ಪಾತ್ರೆ ಇದ್ದವು, ತಿಕ್ಕಿದೆ." ಅವರು ತಲೆ ಎತ್ತಿದರು. "ಆದರೂ ಇಲ್ಲಿ ನನ್ನ ನೋಡೋಕೆ ಅಂತ ಯಾರೂ ಬರಲ್ಲ. ರಾತ್ರಿ ಊಟ ಮಾಡ್ತೀನಿ. ಒಗ್ಗರಣೆಗೆ ಬೆಳ್ಳುಳ್ಳಿ ಹಾಕ್ತೀನಿ. ಒಂದು ದಿನ ಜ್ವರ ಬಂದಿತ್ತು, ಸತ್ತೇ ಹೋದೆ ಅಂದುಕೊಂಡೆ. ಮಾತ್ರೆ ಕೊಟ್ಟರು, ಬಿಡ್ತು." ಎದ್ದು ಒಲೆಯ ಮೇಲಿನ ಅನ್ನ ನೋಡಿ ಬಂದರು. ನಡೆಯುವಾಗ ಒಂದು ಕಾಲಿನಲ್ಲಿ ಸ್ವಲ್ಪ ನೋವಿದ್ದಂತೆ ಕಂಡಿತು. ಅದನ್ನೂ ಹೆಮ್ಮೆಯಿಂದಲೇ ಹೇಳಿಕೊಂಡರು.

ನಾನು ಊರಿಗೆ ಬಂದಾಗ ಜೋಯಿಸರ ಜಗಲಿ ಖಾಲಿಯಾಗಿಯೇ ಇತ್ತು. ಬಸ್ಸುಗಳು ಬರುವುದು ಕಡಿಮೆಯಾಗಿತ್ತು. ಲಾಡ್ಜಿನವರು, ಹೋಟೆಲಿನವರು ಜೋಯಿಸರ ಮನೆ ಬಾಗಿಲಿಗೆ ಹೋಗಿ ಕೂಗಾಡಿದರೆಂದು ಅಪ್ಪ ಹೇಳಿದ. ಆಮೇಲೊಂದು ಬೆಳಗ್ಗೆ ಜೋಯಿಸರೇ ನಮ್ಮ ಕೇರಿಗೆ ಬಂದರು. ಅವರು ನಮ್ಮ ಕೇರಿಗೆ ಕಾಲಿಟ್ಟದ್ದು ಪುಸ್ತಕದಲ್ಲೂ ಇಲ್ಲ. ಚರಂಡಿಯ ಪಕ್ಕದಲ್ಲಿ ಪಂಚೆ ಎತ್ತಿ ಹಿಡಿದುಕೊಂಡು, ಮೂಲೆಯ ಮನೆಯ ರೇಣುಕಳ ಬಾಗಿಲಲ್ಲಿ ನಿಂತರು.

ರೇಣುಕ ನನ್ನ ದೂರದ ಸಂಬಂಧಿ. ಇಪ್ಪತ್ನಾಲ್ಕು ವಯಸ್ಸು. ಅವಳ ಗಂಡ ಪುರಸಭೆಯ ಮ್ಯಾನ್‌ಹೋಲಿಗೆ ಇಳಿದವನು ಮೇಲೆ ಬರಲಿಲ್ಲ. ಒಂದು ಕೂಸಿದೆ. ಆ ಸಾವಿನ ಬಗ್ಗೆ ಯಾರೂ ಒಂದು ಸಾಲು ಬರೆದಿರಲಿಲ್ಲ. ಜೋಯಿಸರು ಅವಳಿಗೆ ವೇಣಮ್ಮನ ಜಾಗದಲ್ಲಿ ಜಗಲಿಯ ಮೇಲೆ ಕೂರುವ ಕೆಲಸ ಕೊಡುತ್ತೇನೆಂದರು. ಕೆಂಪು ಸೀರೆ ಅವರದೇ. ಬಂದವರ ಮುಂದೆ ಹೇಳಬೇಕಾದ ಮಾತುಗಳನ್ನು ಅವರೇ ಕಲಿಸುತ್ತಾರೆ. ಕ್ಷೌರವೂ ಸಮಿತಿಯ ಖರ್ಚಿನಲ್ಲೇ. ಜಗಲಿಯಿಂದ ಒಳಗೆ ಮಾತ್ರ ಬರಕೂಡದು. ಕುಡಿಯುವ ನೀರು ಮನೆಯಿಂದಲೇ ತರಬೇಕು.

ಅವಳು ಸೀದಾ ನನ್ನ ಹತ್ತಿರ ಬಂದಳು.

"ಅಕ್ಕ, ನೀನೇ ತೆಗಿ. ಆ ಸಲೂನಿನವನ ಮುಂದೆ ಕೂರಕ್ಕೆ ನಂಗೆ ಹೆಂಗೋ ಆಗ್ತದೆ."

"ನಿಂಗೇನು ಹುಚ್ಚಾ? ಒಲ್ಲೆ ಅನ್ನು."

"ಒಲ್ಲೆ ಅಂದು ಏನ್ ತಿನ್ನಲಿ?"

"ನಮ್ಮೋರಲ್ಲಿ ಇದು ಯಾವತ್ತೂ ಇರಲಿಲ್ಲ ರೇಣುಕ. ಗಂಡ ಸತ್ತರೆ ನಮ್ಮೋರು ಹೂವ ತೆಗೆದವ್ರೆ, ಬಳೆ ಒಡೆದವ್ರೆ. ತಲೆ ಬೋಳಿಸಿಲ್ಲ. ಕೂಡಾವಳಿ ಮಾಡಿ ಇನ್ನೊಬ್ಬನ ಜೊತೆ ಕಳಿಸವ್ರೆ. ಬೇರೆಯವರ ಮನೆ ಹೆಂಗಸ್ರಿಗೆ ಬೋಳಿಸಿದ್ದೇ ನಮಗೆ ಸಾಕಾಗಿತ್ತು."

"ತಲೆ ತಾನೆ ಅಕ್ಕ, ಮತ್ತೆ ಬೆಳೀತದೆ. ಕೂಸಿಗೆ ಹಾಲು ಬೇಕಲ್ಲ."

ನಾನು ಕತ್ತಿ ಮುಟ್ಟಲಿಲ್ಲ. ಮನೆ ಕೆಲಸ ಹುಡುಕಿಕೊಡುತ್ತೇನೆ ಎಂದೆ, ನನ್ನ ಜೊತೆಯಲ್ಲೇ ಇರು ಎಂದೆ. ಅವಳು ನನ್ನ ಅಂಗಡಿಯ ಖಾಲಿ ಕುರ್ಚಿಯನ್ನು ನೋಡಿದಳು. ಅಷ್ಟು ಸಾಕಾಗಿತ್ತು. ಆಮೇಲೆ ಸಲೂನಿಗೇ ಹೋದಳು.

ನಾನು ಜೋಯಿಸರ ಮನೆಗೆ ಹೋದೆ. ಜಗಲಿಯ ಕೆಳಗೆ ನಿಂತು, ಇದು ಸರಿಯಲ್ಲ ಸ್ವಾಮಿ ಎಂದೆ. ಅವರು ಬೆತ್ತದ ಕುರ್ಚಿಯಲ್ಲಿ ಕೂತು ಪುಸ್ತಕದ ಹೊಸ ಮುದ್ರಣವನ್ನು ತಿರುವಿ ಹಾಕುತ್ತಿದ್ದರು.

"ಬಲವಂತ ಮಾಡಿದೆನೇ? ಅವಳೇ ಒಪ್ಪಿ ಬಂದಿದ್ದಾಳೆ. ಸಂಬಳದ ಕೆಲಸ" ಎಂದರು.

"ಅವಳ ಹೆಸರು ಪುಸ್ತಕದಲ್ಲಿಲ್ಲ. ನಾಲ್ಕು ವರ್ಷಕ್ಕೆ ಮುಖ ಬಾಡಿಹೋಗ್ತದೆ. ಆಗೇನು ಮಾಡ್ತೀರಿ?"

ಜೋಯಿಸರಿಗೆ ಆ ಪ್ರಶ್ನೆ ನಿಜಕ್ಕೂ ವಿಚಿತ್ರವಾಗಿ ಕಂಡಿರಬೇಕು. ಹಾಳೆಯಿಂದ ಮುಖ ಎತ್ತಿ ನನ್ನನ್ನು ನೋಡಿದರು.

"ಇನ್ನೊಬ್ಬಳನ್ನು ಕರೆದರಾಯಿತು. ಈ ಊರಲ್ಲಿ ಅಂಥವರಿಗೇನು ಕಡಿಮೆಯೇ?"

ಮೊದಲ ದಿನವೇ ಸಲೂನಿನವನು ಅವಸರದಲ್ಲಿ ರೇಣುಕಳ ನೆತ್ತಿಯ ಹತ್ತಿರ ಗಾಯ ಮಾಡಿದ್ದ. ಅವಳು ಕೂಸನ್ನು ನಮ್ಮ ಅಪ್ಪನ ತೊಡೆಯ ಮೇಲೆ ಹಾಕಿ, ನನ್ನ ಮುಂದೆ ಬಂದು ಕೂತು ಸೆರಗು ತೆಗೆದಳು. ಗಾಯ ಸಣ್ಣದು, ಆದರೆ ರಕ್ತ ನಿಂತಿರಲಿಲ್ಲ. ನಾನು ಪಟಿಕದ ತುಂಡು ನೀರಿಗೆ ಅದ್ದಿ ಒತ್ತಿ ಹಿಡಿದೆ. ಅವಳು ಹಲ್ಲು ಕಚ್ಚಿಕೊಂಡು, ಜೋಯಿಸರು ಕಲಿಸಿದ ಮಾತನ್ನು ತಪ್ಪಿಲ್ಲದೆ ಹೇಳಲು ಬಾಯಲ್ಲೇ ಅಭ್ಯಾಸ ಮಾಡುತ್ತಿದ್ದಳು. "ಆ ಕಾಲದಲ್ಲಿ ನಮ್ಮಂಥ ಹೆಂಗಸರಿಗೆ... ಆ ಕಾಲದಲ್ಲಿ ನಮ್ಮಂಥ ಹೆಂಗಸರಿಗೆ ಬೇರೆ ದಾರಿ..." ಮುಂದಿನದು ನೆನಪಾಗಲಿಲ್ಲ.

ಬೀದಿಯ ಕಡೆಯಿಂದ ಹಾರ್ನ್ ಕೇಳಿಸಿತು.

"ಬೇಗ ಬಿಡಕ್ಕ, ಬಸ್ಸು ಬಂತು" ಎಂದು ನನ್ನ ಕೈ ಸರಿಸಿ, ತಲೆ ತುಂಬ ಕೆಂಪು ಸೆರಗು ಹೊದ್ದು ಎದ್ದು ಓಡಿದಳು.